ಪಡುವಣ ಬಾಗಿಲಿನ ಬಿದಿಗೆ ಚಂದ್ರ

ಅಟ್ಟದ ಮೇಲೆ ವರ್ಷದ ಹತ್ತಿರ ಮಲಗಿದ್ದ ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದರೆ ಎರಡರಲ್ಲಿ ಒಂದು ಸದ್ದು ಬರುತ್ತದೆ. ಒಳಗೆ ನೀರು ಇನ್ನೂ ಉಳಿದಿದ್ದರೆ, ಯಾರೋ ಹೇಳಬೇಕೆಂದಿದ್ದ ಮಾತನ್ನು ನುಂಗಿಕೊಂಡ ಹಾಗೆ ಗುಳಕ್ ಎನ್ನುತ್ತದೆ. ನೀರೆಲ್ಲ ಆರಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗಿದ್ದರೆ, ಮುಚ್ಚಿದ ಬಾಗಿಲನ್ನು ಒಳಗಿನಿಂದ ಬೆರಳಲ್ಲಿ ತಟ್ಟಿದ ಹಾಗೆ ಲೊಟ್ ಲೊಟ್ ಎನ್ನುತ್ತದೆ. ಮೊದಲನೆಯದಾದರೆ ಕಾಯಿ ಮತ್ತೆ ಅಟ್ಟಕ್ಕೆ. ಎರಡನೆಯದಾದರೆ ಅದು ಕೊಬ್ಬರಿ. ಕೇಳಲು ಇಷ್ಟೇ ಸುಲಭ. ಆದರೆ ಇವೆರಡರ ನಡುವೆ ಮೂರನೆಯದೊಂದು ಸದ್ದಿದೆ. ಹೌದೂ ಅಲ್ಲದ, ಅಲ್ಲವೂ ಅಲ್ಲದ ಸದ್ದು. ನಮ್ಮ ಕಡೆಯವರು ತಪ್ಪು ಮಾಡುವುದು ಅಲ್ಲಿಯೇ.

ನಮ್ಮ ತಾಲ್ಲೂಕುಗಳಲ್ಲಿ ಹುಟ್ಟಿ ಬೆಳೆಯದವರಿಗೆ ಕೊಬ್ಬರಿಯೆಂದರೆ ಅಂಗಡಿಯಲ್ಲಿ ಸಿಗುವ ಒಂದು ಪದಾರ್ಥ. ನಮಗೆ ಅದು ತಲೆಯ ಮೇಲಿನ ಕತ್ತಲೆ. ಮನೆಯ ಹಜಾರದಲ್ಲಿ ಉಣ್ಣುವಾಗ, ಮಲಗುವಾಗ, ಜಗಳವಾಡುವಾಗ, ಮೇಲೆ ಅಟ್ಟದಲ್ಲಿ ಸಾವಿರಾರು ಕಾಯಿಗಳು ಸುಮ್ಮನೆ ಮಲಗಿರುತ್ತವೆ. ಕೊಬ್ಬರಿ ಮಾಡುತ್ತೇವೆ ಎಂದು ಬಾಯಿಮಾತಿಗೆ ಹೇಳುತ್ತೇವಾದರೂ ನಾವು ಮಾಡುವುದು ಏನೂ ಇಲ್ಲ. ಬಿಸಿಲು ಕಾಣಿಸದೆ, ಮಳೆ ಸೋಕಿಸದೆ, ಒಲೆಯ ಹೊಗೆಯೊಂದನ್ನು ಬಿಟ್ಟು ಬೇರೇನನ್ನೂ ಕೊಡದೆ, ಒಂದು ಜೀವವನ್ನು ಕತ್ತಲೆಯ ವಶಕ್ಕೆ ಒಪ್ಪಿಸಿ ನಮ್ಮ ಕೆಲಸ ನೋಡಿಕೊಳ್ಳುತ್ತೇವೆ. ಕತ್ತಲೆ ತನ್ನ ಕೆಲಸ ಮಾಡಿಕೊಳ್ಳುತ್ತದೆ. ಹೀಗೆ ಕತ್ತಲೆಯನ್ನು ಇಷ್ಟು ನಂಬಿ ಬದುಕುವ ಜನ, ತಿಂಗಳಿಗೊಮ್ಮೆ ಬರುವ ಒಂದು ಕತ್ತಲ ರಾತ್ರಿಗೆ ಅಷ್ಟೊಂದು ಹೆದರುವುದು ನನಗೆ ಬಹಳ ದಿನ ವಿಚಿತ್ರವಾಗಿ ಕಾಣುತ್ತಿತ್ತು. ಅಮಾವಾಸ್ಯೆಯಂದು ಪ್ರಯಾಣ ಹೊರಡುವುದಿಲ್ಲ, ಆರು ಕಟ್ಟಿ ಹೊಲ ಉಳುವುದಿಲ್ಲ, ಅಟ್ಟಕ್ಕೆ ಹೊಸ ಕಾಯಿ ಹಾಕುವುದಿಲ್ಲ. ಆ ದಿನವನ್ನು ನಾವು ಉಸಿರು ಬಿಗಿಹಿಡಿದು, ಹಳ್ಳ ದಾಟುವವರಂತೆ ದಾಟುತ್ತೇವೆ.

ನಮ್ಮ ಹಳ್ಳಿ ಶೆಟ್ಟಿಕೆರೆಯಿಂದ ಒಂದಷ್ಟು ದೂರ. ನನ್ನ ಅಕ್ಕ ಗಿರಿಜಳನ್ನು ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಮನೆಗೆ ಕೊಟ್ಟಿದ್ದರು. ನಾನು ಮೈಸೂರಿನಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದ ಕಾಲ ಅದು. ಶಿವರಾತ್ರಿಯ ಹಿಂದುಮುಂದೆ ಅಕ್ಕ ಬಸುರಿ ಎಂಬ ಸುದ್ದಿ ಬಂದ ದಿನವೇ ಅಮ್ಮ ತೋಟದ ಒಳ್ಳೆಯ ಮರಗಳ ಕಾಯಿ ಆರಿಸಿ, ಅಟ್ಟದ ಮೂಲೆಯಲ್ಲಿ ಬೇರೆಯಾಗಿ ಒಂದು ಗುಡ್ಡೆ ಹಾಕಿಸಿದಳು. ಬಾಣಂತಿಗೆ ತಿನ್ನಿಸುವ ಕೊಬ್ಬರಿ-ಬೆಲ್ಲ ತವರಿನ ಕಾಯಿಯದೇ ಆಗಬೇಕೆಂಬುದು ನಮ್ಮಲ್ಲಿ ನಡೆದು ಬಂದದ್ದು. ಮುಂದೆ ಕೂಸು ಹೊಸಿಲು ದಾಟಿದ ದಿನ ಹೊಸಿಲಿಗೆ ಹೂವಿಟ್ಟು, ಬಂದವರ ಅಂಗೈಗೆ ಕೊಬ್ಬರಿ-ಸಕ್ಕರೆ ಹಾಕುವುದಕ್ಕೂ ಅದೇ ಆಗಬೇಕು. ಹೆರಿಗೆಯ ಹೊತ್ತಿಗೆ ಆ ಕಾಯಿ ಎಲ್ಲಿ ಆರೀತು ಎಂದು ಅಪ್ಪ ಕೇಳಿದ್ದಕ್ಕೆ ಅಮ್ಮ, "ಮೊದ್ಲಿಗೆ ಹಳೇ ಕೊಬ್ರಿ ಐತೆ ಕಣ್ರೀ. ಕೂಸು ಬೋರಲು ಬೀಳೋ ಹೊತ್ಗೆ ಇದು ಆಗಿರ್ತದೆ. ಎರಡೂ ಒಟ್ಟೊಟ್ಗೆ ಬಲೀಲಿ ಬುಡಿ" ಎಂದಿದ್ದಳು. ಹೀಗೆ ಒಂದೇ ಸಮಯಕ್ಕೆ ಎರಡು ಕತ್ತಲೆಗಳಲ್ಲಿ ಎರಡು ಕಾಯುವಿಕೆ ಶುರುವಾದವು.

ಗೌರಿ ಹಬ್ಬಕ್ಕೆ ಮುಂಚಿನ ಅಮಾವಾಸ್ಯೆಯಂದು, ತಿಂಗಳು ತುಂಬುವ ಮೊದಲೇ, ತಿಪಟೂರಿನಲ್ಲಿ ಅಕ್ಕನಿಗೆ ನೋವು ಬಂತು. ಹೆಣ್ಣು ಕೂಸು. ಅಳಲಿಲ್ಲ. ಅದರ ಬಗ್ಗೆ ನಾನು ಇದಕ್ಕಿಂತ ಹೆಚ್ಚು ಬರೆಯಲಾರೆ. ಬರೆಯುವುದಕ್ಕೆ ಅದು ಹೆಚ್ಚು ಹೊತ್ತು ಇರಲೂ ಇಲ್ಲ. ಅಪ್ಪ ಮತ್ತು ಭಾವ ಅದನ್ನು ಊರಿಗೆ ತಂದು, ಮನೆಯ ಹಿಂದಿನ ತೋಟದಲ್ಲಿ, ಪಡುವಣ ಬೇಲಿಯ ಹತ್ತಿರ ಮಣ್ಣಿಗಿಟ್ಟರು. ಜಾಗ ಯಾವುದೆಂದು ಅಕ್ಕನಿಗೆ ಯಾರೂ ತೋರಿಸಲಿಲ್ಲ. ತೋರಿಸಬಾರದು ಎಂಬುದು ಹಿರಿಯರ ಮಾತು. ಆದರೆ ಯಾವ ದಿಕ್ಕು ಎಂಬುದು ಅವಳಿಗೆ ಗೊತ್ತಾಯಿತು, ಏಕೆಂದರೆ ಮನೆಯಲ್ಲಿ ಎಲ್ಲರೂ ಆ ದಿಕ್ಕಿಗೆ ನೋಡದಿರಲು ಅಷ್ಟು ಕಷ್ಟಪಡುತ್ತಿದ್ದರು.

ನಮ್ಮ ಹಿತ್ತಿಲ ಬಾಗಿಲು ಪಡುವಣಕ್ಕೆ ತೆರೆಯುತ್ತದೆ. ಅಕ್ಕ ಮನೆಗೆ ಬಂದ ಒಂದೆರಡು ದಿನಕ್ಕೆ ಗಣೇಶನ ಚೌತಿ. ಚೌತಿಯ ಚಂದ್ರನನ್ನು ಕಂಡರೆ ಮಾಡದ ತಪ್ಪು ಮೈಮೇಲೆ ಬರುತ್ತದೆಂದು ನಮ್ಮ ಕಡೆ ಆ ಸಂಜೆ ಪಡುವಣ ಬಾಗಿಲು-ಕಿಟಕಿಗಳನ್ನು ಹೊತ್ತಿಗೆ ಮುಂಚೆಯೇ ಮುಚ್ಚುತ್ತಾರೆ. ಆ ಎಳೆಯ ಚಂದ್ರ ಸೂರ್ಯನ ಬೆನ್ನಿಗೇ ಪಡುವಣದಲ್ಲಿ ಕಾಣುತ್ತದಲ್ಲ, ಅದಕ್ಕೆ. ಅಮ್ಮ ಎಲ್ಲ ವರ್ಷಗಳಂತೆ ಆ ವರ್ಷವೂ ಚಿಲಕ ಹಾಕಿದಳು. ಮಾರನೆಯ ಬೆಳಿಗ್ಗೆ ಊರಿನ ಬಾಗಿಲುಗಳೆಲ್ಲ ತೆರೆದವು. ನಮ್ಮದನ್ನು ತೆರೆಯಲು ಹೋದ ಅಮ್ಮನಿಗೆ ಅಕ್ಕ ಮಲಗಿದಲ್ಲಿಂದಲೇ, "ಅದು ಹಂಗೇ ಇರ್ಲಿ ಕಣವ್ವ" ಎಂದಳು. ಮಾಡದ ತಪ್ಪು ಅವಳ ಮೈಮೇಲೆ ಚಂದ್ರನನ್ನು ನೋಡದೆಯೇ ಬಂದಿತ್ತು. ಏನು ತಿಂದೆ, ಎಲ್ಲಿ ಎಡವಿದೆ, ಯಾವ ಭಾರ ಎತ್ತಿದೆ ಎಂದು ಅವಳು ತನ್ನನ್ನೇ ವಿಚಾರಣೆಗೆ ನಿಲ್ಲಿಸಿಕೊಂಡಿದ್ದಳು. ಬಾಗಿಲು ಹಾಗೆಯೇ ಉಳಿಯಿತು. ಬಚ್ಚಲಿಗೆ, ದನದ ಕೊಟ್ಟಿಗೆಗೆ, ತೋಟಕ್ಕೆ ನಾವೆಲ್ಲ ಮುಂಬಾಗಿಲಿನಿಂದ ಹೊರಟು ಮನೆಯನ್ನು ಸುತ್ತಿ ಹೋಗುವುದನ್ನು ರೂಢಿಸಿಕೊಂಡೆವು. ಅಕ್ಕ ಹೋಗುತ್ತಲೂ ಇರಲಿಲ್ಲ. ಮನೆಯ ಹಿಂಭಾಗದ ಆಕಾಶ ಅವಳ ಪಾಲಿಗೆ ಇಲ್ಲವಾಯಿತು, ಮುಂಭಾಗದ್ದೂ ಬಹುಮಟ್ಟಿಗೆ.

ಸಮಾಧಾನ ಹೇಳಲು ಬಂದವರ ಬಗ್ಗೆ ಕೆಟ್ಟ ಮಾತಾಡಬಾರದು. ಅವರು ಬರದಿದ್ದರೆ ಮನೆ ಇನ್ನೂ ಮೌನವಾಗಿರುತ್ತಿತ್ತು. ನೆರೆಮನೆಯ ರಂಗಮ್ಮತ್ತೆ ಎಲೆಅಡಿಕೆ ತಟ್ಟೆ ಮುಂದಿಟ್ಟುಕೊಂಡು, "ಅಮಾಸೇಲಿ ಬಂದಿದ್ದು ಅಮಾಸೇಲೇ ಹೋಯ್ತು. ಅದ್ನ ಮರ್ತು ಬುಡು ಗಿರಿಜಾ. ಗಟ್ಟಿಮುಟ್ಟಾಗಿದೀಯ, ಬರೋ ವರ್ಸಕ್ಕೆ ಇನ್ನೊಂದಾಯ್ತದೆ" ಎನ್ನುತ್ತಿದ್ದರು. ಬಂದ ಎಲ್ಲರೂ ಬೇರೆ ಬೇರೆ ಮಾತಿನಲ್ಲಿ ಇದನ್ನೇ ಹೇಳಿದರು. ಇನ್ನೊಂದಾಗುತ್ತದೆ. ಆ ಮಾತು ಕೇಳಿದಾಗಲೆಲ್ಲ ಅಕ್ಕ ತಲೆಯಾಡಿಸುತ್ತಿದ್ದಳು, ಒಪ್ಪಿಕೊಂಡಂತೆ. ಆಮೇಲೆ ಎದ್ದು ಒಳಗೆ ಹೋಗುತ್ತಿದ್ದಳು. ಭಾವ ವಾರವಾರವೂ ಬರುತ್ತಿದ್ದರು. ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆಯನ್ನು ನಡುಮನೆಯ ಗೂಡಿನಲ್ಲಿಟ್ಟು, ಜಗಲಿಯಲ್ಲಿ ಕುಳಿತು ಕಾಫಿ ಕುಡಿದು, "ಕರ್ಕೊಂಡು ಹೋಗ್ಲಾ?" ಎಂದು ಅಪ್ಪನನ್ನು ಕಣ್ಣಲ್ಲೇ ಕೇಳಿ, ಕೊನೆಯ ಬಸ್ಸಿಗೆ ಹೋಗುತ್ತಿದ್ದರು. ಮಲ್ಲಿಗೆ ಗೂಡಿನಲ್ಲೇ ಬಾಡುತ್ತಿತ್ತು. ಅಕ್ಕನಿಗೆ ಅವರ ಮೇಲೆ ಸಿಟ್ಟಿರಲಿಲ್ಲ. ಯಾರ ಮೇಲೂ ಇರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ನಮಗೆ ಧೈರ್ಯ ಬರುತ್ತಿತ್ತು.

ಕಾರ್ತಿಕದಲ್ಲಿ ಅಟ್ಟದ ಹಳೆಯ ಕಾಯಿಗಳನ್ನು ಇಳಿಸಿ ಒಡೆಯುವಾಗ ಅಪ್ಪ ಆ ಮೂರನೆಯ ಸದ್ದಿನಲ್ಲಿ ಎಡವಿದರು. ಕೈ ತಪ್ಪಿ ಮೂಲೆಯ ಗುಡ್ಡೆಯಿಂದ ಒಂದು ಕಾಯಿ ಬುಟ್ಟಿಗೆ ಸೇರಿತ್ತು. ಕಿವಿಗೆ ಹಿಡಿದು ಅಲುಗಿಸಿದರು, ಆಗಿದೆ ಎನ್ನಿಸಿತು, ಒಡೆದರು. ಅರೆಬರೆ ಆರಿದ ತಿರುಳು ಚಿಪ್ಪನ್ನು ಬಿಟ್ಟಿರಲಿಲ್ಲ. ಒಂದು ಹಿಡಿಯಷ್ಟು ನೀರು ಅವರ ಕಾಲ ಮೇಲೆ ಚೆಲ್ಲಿತು. ಯಾವ ಗುಡ್ಡೆಯ ಕಾಯಿ ಎಂಬುದು ಅವರಿಗೆ ಆಗ ಹೊಳೆಯಿತು.

"ಅಯ್ಯೋ ಶಿವನೇ, ಆತುರಬಿದ್ನಲ್ಲ" ಎಂದರು.

ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ವಾರದಿಂದ ಮಾತಾಡದವಳು, ತೀರಾ ಸಹಜವಾದ ದನಿಯಲ್ಲಿ, "ಅದಕ್ಕಿನ್ನೂ ತಿಂಗ್ಳು ತುಂಬಿರ್ಲಿಲ್ಲ ಕಣಪ್ಪ" ಎಂದಳು.

ಅಪ್ಪ ಎರಡೂ ಹೋಳುಗಳನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕುಳಿತಿದ್ದರು. ಆಮೇಲೆ ಆ ಗುಡ್ಡೆಯ ತಂಟೆಗೆ ಯಾರೂ ಹೋಗಲಿಲ್ಲ. ಮಾರಲೂ ಇಲ್ಲ, ಇಳಿಸಲೂ ಇಲ್ಲ. ಅದು ನಮ್ಮೆಲ್ಲರ ತಲೆಯ ಮೇಲೆ, ಬರಬೇಕಾದವರು ಬಾರದ ಮನೆಯಲ್ಲಿ ಹಾಸಿಟ್ಟ ಹಾಸಿಗೆಯ ಹಾಗೆ, ಉಳಿಯಿತು.

ಸಂಕ್ರಾಂತಿ ಕಳೆದ ಮೇಲೆ ನಾನು ಮೈಸೂರಿನಿಂದ ಊರಿಗೆ ಬರುವಾಗ ಹಾಸ್ಟೆಲಿನ ನನ್ನ ಕೋಣೆಯ ಗೆಳತಿ ಮಿರಿಯಂ ಜೊತೆಗೆ ಬಂದಳು. ಅವಳ ಅಪ್ಪ ರೈಲ್ವೆಯಲ್ಲಿದ್ದವರು. ಅವಳ ಬಾಲ್ಯ ಅರಸೀಕೆರೆಯ ಕ್ವಾರ್ಟರ್ಸಿನಲ್ಲಿ ಕಳೆದದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು. ಮನೆಮಾತು ಮರಾಠಿ. ಹಿಂದಿನ ಬೇಸಿಗೆಯಲ್ಲಿ ಅವಳ ತಾಯಿ ತೀರಿಕೊಂಡಿದ್ದರು. ನಾವಿಬ್ಬರೂ ಹೆಚ್ಚು ಮಾತಿನವರಲ್ಲ. ಆ ವರ್ಷ ಒಂದೇ ಕೋಣೆಯಲ್ಲಿ, ಒಬ್ಬರ ದುಃಖವನ್ನು ಒಬ್ಬರು ಕೆದಕದೆ, ದೀಪ ಆರಿಸುವ ಹೊತ್ತನ್ನು ಮಾತ್ರ ಕೇಳಿ ತಿಳಿದುಕೊಂಡು ಇದ್ದೆವು. ನಾವು ಬಸ್ಸಿಳಿದು ಮನೆ ತಲುಪಿದ್ದು ಮಧ್ಯಾಹ್ನ. ಅಮ್ಮ ಕಾಲಿಗೆ ನೀರು ಕೊಡುವ ಮೊದಲೇ ಬೈದಳು.

"ಅಮಾಸೆ ದಿನ ನೋಡ್ಕಂಡು ಹೊಂಟಿದೀಯಲ್ಲೇ, ಕ್ಯಾಲೆಂಡರ್ ಇಲ್ವೇನೇ ನಿಮ್ ಹಾಸ್ಟೆಲ್ನಾಗೆ? ಪರಸ್ಥಳದ ಮಗೀನ ಬೇರೆ ಕರ್ಕಂಡು!"

"ನಮ್ಮಲ್ಲಿ ಇದು ಒಳ್ಳೆಯದು ಅಮ್ಮ" ಎಂದಳು ಮಿರಿಯಂ. "ಇಂದು ನಾಳೆಯಲ್ಲಿ ನಮ್ಮ ತಿಂಗಳು ಶುರುವಾಗತ್ತೆ."

"ಯಾವ ಜನ ಅವ್ವ ನೀವು?"

"ಯಹೂದಿಗಳು."

"ಅಂದ್ರೆ ಕಿರಸ್ತಾನರಾ?"

"ಅಲ್ಲ ಅಮ್ಮ, ಅವರಿಗಿಂತ ಹಳಬರು. ನಮ್ಮ ತಾತ ಮುತ್ತಾತಂದಿರು ಕೊಂಕಣದಲ್ಲಿ ಗಾಣ ಆಡಿಸ್ತಿದ್ರು. ಎಣ್ಣೆ ತೆಗೆಯೋರು."

ಅಮ್ಮನ ಮುಖ ಅರಳಿತು. "ಹಂಗನ್ನು ಮತ್ತೆ! ಗಾಣದೋರು ಅಂದ್ರೆ ಆಯ್ತಪ್ಪ, ನಮ್ ಕೊಬ್ರಿ ಹೋಗೋದೇ ಅವ್ರತ್ರಕ್ಕೆ."

"ಶನಿವಾರ ಮಾತ್ರ ಗಾಣ ಕಟ್ತಿರಲಿಲ್ಲ. ಅದಕ್ಕೇ ಊರವರು ಅವರನ್ನ ಶನಿವಾರದ ಗಾಣಿಗರು ಅಂತಿದ್ರು."

"ನಾವು ಸೋಮ್ವಾರ ಎತ್ತು ಹೂಡಲ್ಲ, ನೀವು ಶನಿವಾರ. ದೇವ್ರು ಒಂದೊಂದ್ ಊರ್ನಾಗೆ ಒಂದೊಂದ್ ದಿನ ರಜ ತಗಂತಾನೆ ಅಂತ ಕಾಣ್ತದೆ" ಎಂದು ಅಮ್ಮ ತೀರ್ಪು ಕೊಟ್ಟು ತಂಬಿಗೆ ತರಲು ಹೋದಳು. ಆ ಮನೆಯಲ್ಲಿ ಯಾರಾದರೂ ನಕ್ಕದ್ದನ್ನು ನಾನು ಕೇಳಿ ಬಹಳ ದಿನವಾಗಿತ್ತು. ನಕ್ಕದ್ದು ಮಿರಿಯಂ. ಅಕ್ಕ ಒಳಕೋಣೆಯಿಂದ ಇಣುಕಿ ನೋಡಿದಳು.

ಮರುದಿನ ಮಧ್ಯಾಹ್ನ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕುಳಿತಾಗ, ಅಮಾವಾಸ್ಯೆ ಹೇಗೆ ಒಳ್ಳೆಯದಾಯಿತು ಎಂದು ಅಮ್ಮ ಮತ್ತೆ ಕೆದಕಿದಳು. ಮಿರಿಯಂ ಹೇಳುತ್ತಾ ಹೋದಳು. ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುವುದೇ ವಾಸಿ, ಏಕೆಂದರೆ ಅವಳು ಹೇಳಿದ್ದು ಕಡಿಮೆ, ಆಮೇಲೆ ನಾನು ಅದರ ಸುತ್ತ ಅಲೆದದ್ದು ಹೆಚ್ಚು.

ಬಹಳ ಹಿಂದೆ, ಯೆರೂಸಲೇಮಿನಲ್ಲಿ ಅವರ ಗುಡಿ ಇದ್ದ ಕಾಲದಲ್ಲಿ, ಹೊಸ ತಿಂಗಳು ಹುಟ್ಟಿತೆಂದು ಯಾರೋ ಲೆಕ್ಕ ಹಾಕಿ ಹೇಳಿದರೆ ಸಾಲುತ್ತಿರಲಿಲ್ಲವಂತೆ. ಯಾರಾದರೂ ಕಣ್ಣಾರೆ ಕಾಣಬೇಕು. ಸಂಜೆಯ ಆಕಾಶದಲ್ಲಿ ಆ ಬೆಳಕಿನ ಗೆರೆಯನ್ನು ಕಂಡವರು ನಡೆದು ಬಂದು ಹಿರಿಯರ ಸಭೆಯ ಮುಂದೆ ಸಾಕ್ಷಿ ಹೇಳಬೇಕು. ಎಷ್ಟು ಎತ್ತರದಲ್ಲಿತ್ತು, ಕೊಂಬು ಯಾವ ಕಡೆಗೆ ಬಾಗಿತ್ತು ಎಂದು ಅವರನ್ನು ಕೇಳುತ್ತಿದ್ದರು. ಕೆಲಸವೆಲ್ಲ ನಿಲ್ಲುವ ಶನಿವಾರದಂದೂ ಈ ಸಾಕ್ಷಿಗಾಗಿ ದಾರಿ ನಡೆಯಬಹುದಿತ್ತು. ಬಂದವರು ಮತ್ತೆಯೂ ಬರಲೆಂದು ಅವರಿಗೆ ಒಳ್ಳೆಯ ಊಟ ಹಾಕುತ್ತಿದ್ದರು. ಸಾಕ್ಷಿ ನಿಂತ ಮೇಲೆ ಬೆಟ್ಟದ ತಲೆಯಲ್ಲಿ ಬೆಂಕಿ ಹಚ್ಚಿ ಬೀಸುತ್ತಿದ್ದರು. ಮುಂದಿನ ಬೆಟ್ಟದಲ್ಲಿ ಬೆಂಕಿ ಕಾಣುವವರೆಗೂ ಬೀಸುತ್ತಿದ್ದರು. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ, ದೂರದ ದೇಶಗಳಲ್ಲಿ ಸೆರೆಯಲ್ಲಿದ್ದವರವರೆಗೂ, ಚಂದ್ರ ಮರಳಿದ ಸುದ್ದಿ ಹೋಗುತ್ತಿತ್ತು.

ಆಮೇಲೆ ಗುಡಿ ನೆಲಸಮವಾಯಿತು. ಜನ ಚದುರಿದರು. ಹಡಗು ಒಡೆದು ಕೊಂಕಣದ ದಡ ಸೇರಿದ ಕೆಲವರ ಸಂತತಿಯೇ ತಾವು ಎಂದು ಮಿರಿಯಂಳ ಮನೆಯವರ ನಂಬಿಕೆ. ಕಾಲಗಣನೆಯನ್ನು ಲೆಕ್ಕದಲ್ಲಿ ಕಟ್ಟಿಹಾಕಿದ ಮೇಲೆ ಸಾಕ್ಷಿಗಳು ಬೇಕಾಗಲಿಲ್ಲ, ಬೆಟ್ಟದ ಬೆಂಕಿಯೂ ಬೇಕಾಗಲಿಲ್ಲ. ಆದರೂ ಚಂದ್ರನನ್ನು ನೋಡಲು ಹೊರಗೆ ಬರುವುದನ್ನು ಅವರು ಬಿಡಲಿಲ್ಲ. ಅಮಾವಾಸ್ಯೆ ಕಳೆದು ಕೆಲವು ದಿನಕ್ಕೆ, ಸಾಮಾನ್ಯವಾಗಿ ಶನಿವಾರದ ವಿಶ್ರಾಂತಿ ಮುಗಿದ ಸಂಜೆ, ಬಯಲಲ್ಲಿ ನಿಂತು ಚಂದ್ರನನ್ನು ಹೊಸತು ಮಾಡಿದ ದೇವರನ್ನು ಹರಸುತ್ತಾರೆ. ನಾವೂ ಇದರ ಹಾಗೆಯೇ ಕರಗಿದವರು, ಇದರ ಹಾಗೆಯೇ ಮತ್ತೆ ಹೊಸತಾಗುವವರು ಎಂಬುದು ಆ ಹರಕೆಯ ತಾತ್ಪರ್ಯ. ಪಕ್ಕದವರಿಗೆ ನಿಮಗೆ ಶಾಂತಿಯಿರಲಿ ಎನ್ನುತ್ತಾರೆ. ಚಂದ್ರನ ಕಡೆಗೆ ಕುಣಿದಂತೆ ಹಿಮ್ಮಡಿ ಎತ್ತುತ್ತಾರೆ: ನಿನ್ನನ್ನು ಮುಟ್ಟಲು ನನಗೆ ಹೇಗೆ ಆಗದೋ ಹಾಗೆಯೇ ಕೇಡು ನನ್ನನ್ನು ಮುಟ್ಟದಿರಲಿ ಎಂದು. ತಿಂಗಳ ಮೊದಲ ದಿನ ಹೆಂಗಸರಿಗೆ ಬಿಡುವು. ತನ್ನ ತಾಯಿ ಆ ದಿನ ಸೂಜಿ ಮುಟ್ಟುತ್ತಿರಲಿಲ್ಲ ಎಂದು ಮಿರಿಯಂ ಹೇಳಿದಳು. ಹೇಳಿ, ಕೈಯಲ್ಲಿದ್ದ ಅವರೆಕಾಯನ್ನು ಸುಲಿಯದೆ ನೋಡುತ್ತಾ ಕುಳಿತಳು.

"ಅಮ್ಮ ಹೋದಾಗ ಏಳು ದಿನ ಅಪ್ಪ ಮನೆಯಿಂದ ಆಚೆ ಬರಲಿಲ್ಲ. ದುಃಖದಲ್ಲಿರೋರು ನೆಲದ ಮೇಲೆ ಕೂತಿರಬೇಕು, ಚಂದ್ರನನ್ನ ಹರಸೋಕೂ ಬರಬಾರದು. ಏಳು ದಿನ ಆದಮೇಲೆ ಅಂಗಳಕ್ಕೆ ಬಂದ್ರು. ಎಲ್ಲರೂ ಕುಣಿಯೋ ಹಾಗೆ ಕುಣಿಯೋಕೆ ಆಗಲಿಲ್ಲ ಅವರಿಗೆ. ಹಿಮ್ಮಡಿ ಮಾತ್ರ ಒಂಚೂರು ಎತ್ತಿದ್ರು. ಅಷ್ಟೇ. ನನಗೆ ಅಷ್ಟು ಸಾಕಾಯ್ತು."

ಒಳಕೋಣೆಯ ಬಾಗಿಲಲ್ಲಿ ಕುಳಿತಿದ್ದ ಅಕ್ಕ, ಅದುವರೆಗೆ ಕೇಳುತ್ತಿದ್ದಾಳೆಂದೂ ನಮಗೆ ಗೊತ್ತಿಲ್ಲದಿದ್ದವಳು, ಕೇಳಿದಳು: "ಅಳದೇ ಹೋದ ಕೂಸಿಗೂ ಏಳು ದಿನ ಕೂರ್ತೀರಾ?"

ಮಿರಿಯಂ ಅವಳ ಕಡೆ ತಿರುಗಿದಳು. ಏನಾದರೊಂದು ಸಿಹಿ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಇಲ್ಲ ಅಕ್ಕ. ಅಷ್ಟು ಸಣ್ಣದಕ್ಕೆ ನಮ್ಮಲ್ಲೂ ಕೂರಲ್ಲ."

"ನಮ್ಮಲ್ಲೂ ಎಡೆ ಇಡಲ್ಲ" ಎಂದಳು ಅಕ್ಕ. "ಯಾರ ಲೆಕ್ಕಕ್ಕೂ ಬರ್ಲಿಲ್ಲ ಅದು." ಮಿರಿಯಂ ಎದ್ದು ಹೋಗಿ ಅವಳ ಪಕ್ಕ, ಬರಿನೆಲದ ಮೇಲೆ, ಕುಳಿತಳು. ಇನ್ನೊಂದಾಗುತ್ತದೆ ಎನ್ನಲಿಲ್ಲ. ಅವರೆಕಾಯಿ ಮುಗಿಯುವವರೆಗೂ ಇಬ್ಬರೂ ಹಾಗೆಯೇ ಕುಳಿತಿದ್ದರು.

ಓದುವ ನೀವು ನನ್ನ ಹಾಗೆ ಪುಸ್ತಕದಲ್ಲಿ ಸಾಮ್ರಾಜ್ಯಗಳನ್ನು ಓದಿದವರಾದರೆ, ಗೆದ್ದವರು ಸೂರ್ಯನನ್ನೇ ಹೆಚ್ಚು ಇಷ್ಟಪಟ್ಟದ್ದನ್ನು ಗಮನಿಸಿರುತ್ತೀರಿ. ಸೂರ್ಯನಿಗೆ ಏರುಪೇರಿಲ್ಲ, ಅವನನ್ನು ಬಾವುಟಕ್ಕೆ ಹಾಕಿಕೊಳ್ಳಬಹುದು, ವಂಶಕ್ಕೆ ಮೂಲಪುರುಷನನ್ನಾಗಿ ಮಾಡಿಕೊಳ್ಳಬಹುದು. ಊರು ಕಳೆದುಕೊಂಡ, ಗುಡಿ ಕಳೆದುಕೊಂಡ ಒಂದು ಜನ, ಮತ್ತೆ ಮತ್ತೆ ಓಡಿಸಲ್ಪಟ್ಟ ಜನ, ತಮ್ಮ ಹೋಲಿಕೆಗೆ ಚಂದ್ರನನ್ನು ಆರಿಸಿಕೊಂಡರಲ್ಲ ಎಂದು ಆ ರಾತ್ರಿ ಯೋಚಿಸುತ್ತಿದ್ದೆ. ಅದರಲ್ಲೂ ಹುಣ್ಣಿಮೆಯ ತುಂಬುಚಂದ್ರನನ್ನಲ್ಲ, ಇದೆಯೋ ಇಲ್ಲವೋ ಎಂದು ಕಣ್ಣುಜ್ಜಿಕೊಂಡು ನೋಡಬೇಕಾದ ಗೆರೆಯನ್ನು. ತುಂಬಿದ್ದನ್ನು ನೋಡಿ ಸಂತೋಷಪಡಲು ಯಾವ ಆಸೆಯೂ ಬೇಕಿಲ್ಲ. ಉಗುರಿನ ಅಂಚಿನಷ್ಟು ಬೆಳಕು ಕಂಡಾಗ ಬಯಲಿಗೆ ಬಂದು ಹರಸಬೇಕಾದರೆ ಅದಕ್ಕೆ ಬೇರೆಯೇ ಒಂದು ಶಕ್ತಿ ಬೇಕು. ಬಹಳ ಅತ್ತವರಿಗೆ ಮಾತ್ರ ಬರುವ ಶಕ್ತಿಯೇನೋ ಅದು. ಇನ್ನೂ ಒಂದು ಹೊಳೆಯಿತು. ಅಮಾವಾಸ್ಯೆ ಕಳೆದು ಮೂರು ನಾಲ್ಕು ದಿನದ ಯಾವ ಎಳೆಚಂದ್ರನನ್ನು ಅವರು ಅಂಗಳಕ್ಕೆ ಬಂದು ಎದುರುಗೊಳ್ಳುತ್ತಾರೋ, ಚೌತಿಯ ಸಂಜೆ ನಾವು ಬಾಗಿಲು ಹಾಕಿಕೊಳ್ಳುವುದು ಅಂಥದೇ ಚಂದ್ರನಿಗೆ. ಹಾಗೆಂದು ನಮ್ಮವರನ್ನು ಹಳಿಯಲಾರೆ. ನಮ್ಮಲ್ಲೂ ಬಿದಿಗೆಯ ಚಂದ್ರನಿದ್ದಾನಲ್ಲ. ಅಮಾವಾಸ್ಯೆಯ ಬೆನ್ನಿಗೆ ಮೊದಲು ಕಾಣುವ ಅವನಿಗೆ ಉಟ್ಟ ಬಟ್ಟೆಯಿಂದ ಒಂದು ಎಳೆ ಕಿತ್ತು ಅರ್ಪಿಸಿ, ಹಳೆಯದು ತಗೋ, ಹೊಸದು ಕೊಡು ಎಂದು ಬೇಡಿಕೊಳ್ಳುವುದು ಅಮ್ಮ ನಮಗೆ ಸಣ್ಣಂದಿನಿಂದ ಕಲಿಸಿದ್ದು. ಹೆದರಿಕೆ, ಆಸೆ ಎರಡನ್ನೂ ನಾವು ಒಂದೇ ಚಂದ್ರನ ಮೇಲೆ, ದಿನ ಬದಲಿಸಿ, ಹೊರಿಸಿದ್ದೇವೆ. ಅವನು ಎರಡನ್ನೂ ಹೊತ್ತು ತಿರುಗುತ್ತಾನೆ.

ಅದರ ಮಾರನೆಯ ಸಂಜೆ ಬಿದಿಗೆ. ಹೊತ್ತು ಮುಳುಗುತ್ತಿದ್ದಂತೆ ಅಮ್ಮ, ಮಿರಿಯಂ ಮತ್ತು ನಾನು ಮುಂಬಾಗಿಲಿನಿಂದ ಹೊರಟು ಮನೆಯನ್ನು ಸುತ್ತಿಕೊಂಡು ಹಿತ್ತಿಲಿಗೆ ಬಂದೆವು. ಅಕ್ಕನನ್ನು ಕರೆಯಲಿಲ್ಲ. ಕರೆಯುವುದನ್ನು ಬಿಟ್ಟು ತಿಂಗಳುಗಳಾಗಿದ್ದವು. ತೋಟದ ಗರಿಗಳ ಮೇಲೆ ಆಕಾಶ ಬೂದಿಗೆಂಪಾಗಿತ್ತು. ಮೊದಲು ಏನೂ ಕಾಣಲಿಲ್ಲ.

"ಅಗೋ" ಎಂದಳು ಮಿರಿಯಂ, "ಆ ಜೋಡಿ ಮರದ ನಡುವೆ."

"ಎಲ್ಲೇ? ನನ್ ಕಣ್ಣಿಗೆ ಗರಿ ಬುಟ್ರೆ ಏನೂ ಕಾಣಲ್ದಲ್ಲೇ."

"ಗರಿ ತುದಿಗಿಂತ ಸ್ವಲ್ಪ ಮೇಲೆ ಅಮ್ಮ. ಕೊಂಬು ಮೇಲಕ್ಕೆ ನೋಡ್ತಿದೆ."

"ಹ್ಞೂಂ ಕಣವ್ವ, ಕಂಡ ಕಂಡ!" ಎಂದ ಅಮ್ಮ ಕೈಮುಗಿದಳು. ಹಳೆಯ ಸಾಕ್ಷಿಗಳ ಊಟಕ್ಕೆ ಅವಳೂ ಅರ್ಹಳಾದಳೆಂದು ನನಗೆ ನಗು ಬಂತು. ಹರಸುವುದು ಗಂಡಸರ ಕೆಲಸ, ಅದಕ್ಕಿನ್ನೂ ದಿನವಿದೆ, ತಾನು ಸುಮ್ಮನೆ ನೋಡುವವಳು ಎಂದು ಮಿರಿಯಂ ಹೇಳಿದ್ದಳು. ಆದರೂ ಅವಳ ಹಿಮ್ಮಡಿಗಳು ಒಂಚೂರು ನೆಲ ಬಿಟ್ಟದ್ದನ್ನು ನಾನು ಕಂಡೆ. ಅಮ್ಮ ಸೆರಗಿನ ತುದಿಯಿಂದ ಎಳೆಯೊಂದನ್ನು ಕಿತ್ತು, ಬಾಯಲ್ಲೇ ಏನೋ ಹೇಳಿಕೊಳ್ಳುತ್ತಾ ಗಾಳಿಗೆ ಬಿಟ್ಟಳು.

ಆಗ ನಮ್ಮ ಹಿಂದೆ ಚಿಲಕದ ಸದ್ದಾಯಿತು. ಚೌತಿಯಿಂದ ತೆರೆಯದ ಬಾಗಿಲು. ಮಳೆಗಾಲದಲ್ಲಿ ಮರ ಉಬ್ಬಿ, ಕಬ್ಬಿಣ ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಒಳಗಿನಿಂದ ಒಂದು ಸಲ ಎಳೆದರು, ಬರಲಿಲ್ಲ. ಮತ್ತೆ ಎಳೆದರು. ಅಮ್ಮ ಓಡಿಹೋಗಿ ಹೊರಗಿನಿಂದ ತಳ್ಳಬೇಕೆಂದು ಹೆಜ್ಜೆ ಇಟ್ಟಳು. ಮಿರಿಯಂ ಅವಳ ಮುಂಗೈ ಹಿಡಿದು ನಿಲ್ಲಿಸಿದಳು. ನಾವು ಮೂವರೂ ಚಂದ್ರನಿಗೆ ಬೆನ್ನು ಹಾಕಿ ಆ ಬಾಗಿಲನ್ನೇ ನೋಡುತ್ತಾ ನಿಂತೆವು. ಲೊಟ್ ಲೊಟ್ ಎಂದು ಒಳಗಿನಿಂದ ಚಿಲಕವನ್ನು ಯಾವುದರಿಂದಲೋ ತಟ್ಟುವ ಸದ್ದು. ಆಮೇಲೆ ಬಾಗಿಲು, ಕಿರುಗುಟ್ಟುತ್ತಾ, ಅರ್ಧ ತೆರೆಯಿತು.

ಅಕ್ಕ ಹೊಸಿಲ ಆಚೆ ನಿಂತಿದ್ದಳು. ಕೈಯಲ್ಲಿ ಎಲೆಅಡಿಕೆ ಕುಟ್ಟುವ ಕುಟ್ಟಾಣಿಯ ಚಿಕ್ಕ ಗುಂಡಿತ್ತು. ಅದನ್ನು ಕೆಳಗಿಟ್ಟು, ಹೊಸಿಲು ದಾಟಿ, ನಮ್ಮನ್ನು ದಾಟಿ, ತೋಟದ ಕಡೆಗೆ ಮುಖಮಾಡಿ ನಿಂತಳು. ಅವಳು ಮೊದಲು ನೋಡಿದ್ದು ಚಂದ್ರನನ್ನಲ್ಲ. ಬೇಲಿಯುದ್ದಕ್ಕೂ ಕಣ್ಣಾಡಿಸಿದಳು.

"ಎಲ್ಲವ್ವ?"

ತೋರಿಸಬಾರದೆಂಬ ಹಿರಿಯರ ಮಾತನ್ನು ಅಮ್ಮ ಅಷ್ಟು ದಿನ ಪಾಲಿಸಿದ್ದಳು. ಈಗ ಕೈ ಎತ್ತಿ, ಚಂದ್ರ ಕಾಣುತ್ತಿದ್ದ ಜೋಡಿ ಮರಗಳ ಬುಡವನ್ನು ತೋರಿಸಿದಳು.

ಅಕ್ಕ ಅಲ್ಲಿಯೇ ನೋಡುತ್ತಾ ಬಹಳ ಹೊತ್ತು ನಿಂತಳು. ಕಣ್ಣು ಮೆಲ್ಲಗೆ ಮರದ ಕಾಂಡವನ್ನು ಏರಿ ಗರಿಗೆ, ಗರಿಯಿಂದ ಆ ಗೆರೆಗೆ ಹೋಯಿತು. ಸೆರಗಿನ ಅಂಚಿನಿಂದ ಒಂದು ಎಳೆ ಕಿತ್ತಳು. ಸಣ್ಣಂದಿನಿಂದ ಹೇಳಿಕೊಂಡು ಬಂದ ಮಾತನ್ನು ಹೇಳಲು ಬಾಯಿ ತೆರೆದವಳು ನಿಲ್ಲಿಸಿದಳು.

"ಹಳೇದು ತಗೋಬೇಡ" ಎಂದಳು. "ಅದು ನನ್ಹತ್ರನೇ ಇರ್ಲಿ. ಕೊಡೋದಿದ್ರೆ ಹೊಸ್ದು ಕೊಡು."

ಎಳೆಯನ್ನು ಗಾಳಿಗೆ ಬಿಡದೆ ಬೆರಳಿಗೆ ಸುತ್ತಿಕೊಂಡಳು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಅಕ್ಕ ಅಳಲಿಲ್ಲ, ಅಮ್ಮನ ಬೆನ್ನ ಮೇಲೆ ಕೈಯಿಟ್ಟು, "ಸುಮ್ಕಿರವ್ವ" ಎಂದಳು, ತಾಯಿಯ ಹಾಗೆ.

ಬಿದಿಗೆಯ ಚಂದ್ರನನ್ನು ನೀವು ಗಮನವಿಟ್ಟು ನೋಡಿದ್ದರೆ ಒಂದು ಸಂಗತಿ ಕಂಡಿರುತ್ತದೆ. ಆ ಹೊಳೆಯುವ ಗೆರೆಯ ಒಳಗೆ, ಮಿಕ್ಕ ಚಂದ್ರ ಪೂರ್ತಿಯಾಗಿ, ಬೂದಿ ಬಳಿದಂತೆ ಮಸುಕಾಗಿ ಕಾಣುತ್ತಿರುತ್ತದೆ. ಹೊಸ ಚಂದ್ರನೆಂದು ನಾವು ಕರೆಯುತ್ತೇವೆ. ಆದರೆ ಹಳೆಯದು ಎಲ್ಲಿಗೂ ಹೋಗಿರುವುದಿಲ್ಲ. ಹೊಸತು ತನ್ನ ತೆಳ್ಳನೆಯ ತೋಳಿನಲ್ಲಿ ಆ ಕತ್ತಲೆಯನ್ನು ಎತ್ತಿಕೊಂಡೇ ಬಂದಿರುತ್ತದೆ. ಅಕ್ಕನಿಗೆ ಎಲ್ಲರೂ ಹೇಳಿದ ಸಮಾಧಾನದಲ್ಲಿ ಕೊರತೆಯಾಗಿದ್ದದ್ದು ಇದೇ ಇರಬೇಕು. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವ ವ್ಯಾಪಾರವನ್ನು ಅವರು ಆಸೆ ಎಂದು ಕರೆದಿದ್ದರು. ಮಿರಿಯಂಳ ಜನ ಸಾವಿರಾರು ವರ್ಷ ಕಳೆದುಹೋದ ಗುಡಿಯನ್ನು ಮರೆಯದೆಯೇ ಹೊಸ ಚಂದ್ರನನ್ನು ಹರಸುತ್ತಾ ಬಂದವರು. ಆಸೆಗೆ ಮರೆವು ಬೇಕಿಲ್ಲ ಎಂಬುದನ್ನು ಅವರು ಚಂದ್ರನಿಂದ ಕಲಿತರೋ, ಚಂದ್ರನಿಗೆ ಕಲಿಸಿದರೋ ನನಗೆ ಗೊತ್ತಿಲ್ಲ. ನಮ್ಮ ಹಿತ್ತಿಲಲ್ಲಿ ಅಕ್ಕ ಅದನ್ನು ಯಾರಿಂದಲೂ ಕಲಿಯದೆ ಹೇಳಿದಳು. ಆ ರಾತ್ರಿ ಪಡುವಣ ಬಾಗಿಲಿಗೆ ಯಾರೂ ಚಿಲಕ ಹಾಕಲಿಲ್ಲ.

ಮರುದಿನ ಬೆಳಿಗ್ಗೆ ನಾನು ಏಣಿ ಹಾಕಿ ಅಟ್ಟಕ್ಕೆ ಹತ್ತಿದೆ. ಮೂಲೆಯ ಗುಡ್ಡೆಯ ಮೇಲೆ ಧೂಳೂ ಜೇಡರ ಬಲೆಯೂ ಕಟ್ಟಿದ್ದವು. ಒಂದು ಕಾಯಿಯನ್ನು ಸೆರಗಿನಿಂದ ಒರೆಸಿ ಕಿವಿಗೆ ಹಿಡಿದು ಅಲುಗಿಸಿದೆ. ಅನುಮಾನ ಬಾರದಿರಲೆಂದು ಮತ್ತೆ ಅಲುಗಿಸಿದೆ. ಏಣಿಯ ಬುಡದಲ್ಲಿ ಅಕ್ಕ ಕತ್ತೆತ್ತಿ ನಿಂತಿದ್ದಳು.

"ಆಗೈತೇನೇ?"

"ಆಗೈತೆ ಕಣಕ್ಕ" ಎಂದೆ.

ಒಂದೊಂದನ್ನೇ ಅವಳ ಕೈಗೆ ಇಳಿಸಿದೆ. ಅಪ್ಪ ಮೊದಲನೆಯದನ್ನು ಒಡೆದರು. ಈ ಸಲ ಒಡೆಯುವ ಮೊದಲು ಅದನ್ನು ಅಕ್ಕನ ಕಿವಿಯ ಬಳಿ ಹಿಡಿದು ಅಲುಗಿಸಿ, ಅವಳು ಹೂಂ ಎಂದ ಮೇಲೆ. ಉಂಡೆ ಕೊಬ್ಬರಿ, ಒಂದು ಕಲೆಯೂ ಇಲ್ಲದ್ದು, ಅವರ ಅಂಗೈಗೆ ಉರುಳಿತು. ನಾನು ಅದನ್ನು ತುರಿದು ಸಕ್ಕರೆ ಬೆರೆಸಿ, ಪಡುವಣ ಬಾಗಿಲಿನ ಹೊಸಿಲಿಗೆ ಎರಡು ದಾಸವಾಳವಿಟ್ಟು, ಮಿರಿಯಂಳಿಂದ ಹಿಡಿದು ರಂಗಮ್ಮತ್ತೆಯವರೆಗೆ ಎಲ್ಲರ ಅಂಗೈಗೂ ಹಾಕಿದೆ. ಯಾವುದಕ್ಕೆಂದು ರಂಗಮ್ಮತ್ತೆ ಕೇಳಿದಾಗ ಹೊಸಿಲು ದಾಟಿದ್ದಕ್ಕೆ ಎಂದೆ. ಅವರು ಮೊದಲ ಬಾರಿಗೆ ಏನೂ ಹೇಳದೆ ಬಾಯಿಗೆ ಹಾಕಿಕೊಂಡರು.

ಆಮೇಲೆ ಮತ್ತೆ ಅಟ್ಟಕ್ಕೆ ಹೋಗಿ ಮೂಲೆಯನ್ನು ಗುಡಿಸಿ, ಹಿಂದಿನ ವಾರ ಕೆಡವಿದ್ದ ಹೊಸ ಕಾಯಿಗಳನ್ನು ತರಿಸಿ ಅಲ್ಲಿ ಗುಡ್ಡೆ ಹಾಕಿದೆ. ಯಾರೂ ಹೇಳದಿದ್ದರೂ ಹಳೆಯ ಗುಡ್ಡೆಯದೊಂದು ಕಾಯಿಯನ್ನು ಒಡೆಯಲು ಕೊಡದೆ ಉಳಿಸಿಕೊಂಡಿದ್ದೆ. ಅದನ್ನು ಹೊಸ ಕಾಯಿಗಳ ನಡುವೆ ಇಟ್ಟು, ಏಣಿ ಇಳಿದು ಬಂದೆ.